ಮುಚ್ಚಿದ ಕಣ್ಣುಗಳ ಎದುರು

2008ರ ವಸಂತದಲ್ಲಿ ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ಸಂಗ್ರಹಾಲಯದಲ್ಲಿ ನಾವು ಕಂಡ ಛಾಯಾಚಿತ್ರ ಪ್ರದರ್ಶನವೊಂದು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಜರ್ಮನಿಯ ಛಾಯಾಗ್ರಾಹಕ ವಾಲ್ಟರ್ ಶೆಲ್ಸ್ ಮತ್ತು ಪತ್ರಕರ್ತೆ ಬೇಆಟೆ ಲಕೋಟಾ ಅದನ್ನು ರೂಪಿಸಿದವರು. ಗುಣವಾಗದ ರೋಗಿಗಳನ್ನು ಕಡೆಯ ದಿನಗಳಲ್ಲಿ ಆರೈಕೆ ಮಾಡುವ ಹಾಸ್ಪಿಸ್‌ಗಳಿಗೆ ಇವರಿಬ್ಬರೂ ಹೋಗಿ, ಒಪ್ಪಿಗೆ ಪಡೆದು, ಪ್ರತಿಯೊಬ್ಬರ ಮುಖವನ್ನು ಎರಡು ಸಲ ಚಿತ್ರಿಸಿದರು: ಬದುಕಿದ್ದಾಗ ಒಮ್ಮೆ, ಪ್ರಾಣ ಹೋದ ಮೇಲೆ ಇನ್ನೊಮ್ಮೆ. ಕಪ್ಪು ಬಿಳುಪಿನ ದೊಡ್ಡ ಚಿತ್ರಗಳು. ಕಣ್ಣು ತೆರೆದ ಮುಖದ ಪಕ್ಕದಲ್ಲಿ ಕಣ್ಣು ಮುಚ್ಚಿದ ಅದೇ ಮುಖ. ಅವರಲ್ಲಿ ಒಂದೂವರೆ ವರ್ಷ ತುಂಬದ ಮಗುವೂ ಇತ್ತು.

ಸತ್ತವರನ್ನು ಹೀಗೆ ಗೋಡೆಗೆ ತೂಗುಹಾಕುವುದು ಸರಿಯೇ ಎಂಬ ಆಕ್ಷೇಪ ನಮ್ಮಲ್ಲಿಯೂ ಇತ್ತು. ಅಮೆರಿಕದ ಆಂಡ್ರೆಸ್ ಸೆರಾನೊ 1992ರಲ್ಲಿ ಶವಾಗಾರದಲ್ಲಿ ತೆಗೆದ ಚಿತ್ರಗಳಿಗೆ ಸಾವಿನ ಕಾರಣವೇ ಶೀರ್ಷಿಕೆ, ಹೆಸರುಗಳಿಲ್ಲ. ಅಲ್ಲಿ ದೇಹವು ಬಣ್ಣ ಮತ್ತು ಬೆಳಕಿನ ವಸ್ತುವಾಗಿ ಉಳಿಯುತ್ತದೆ. ಇಲ್ಲಿಯಾದರೋ ಹೆಸರಿದೆ, ವಯಸ್ಸಿದೆ, ಲಕೋಟಾ ಕೇಳಿ ಬರೆದುಕೊಂಡ ಮಾತುಗಳಿವೆ. ಸಮಾಧಿಯ ಬಳಿ ಅಳುತ್ತಿದ್ದ ಮಗ್ದಲದ ಮರಿಯಳು ಕರ್ತನ ಗುರುತು ಹಿಡಿದದ್ದು ತನ್ನ ಹೆಸರನ್ನು ಆತನ ಬಾಯಿಂದ ಕೇಳಿದಾಗಲೇ ಎಂಬುದನ್ನು ಬಲ್ಲ ನಮಗೆ ಈ ವ್ಯತ್ಯಾಸ ಅಲ್ಪವಲ್ಲ.

ಆದರೆ ಎರಡನೆಯ ಚಿತ್ರಗಳು ಅತಿಯಾಗಿ ಸುಂದರವಾಗಿವೆ. ನೋವಿನ ಗೆರೆಗಳು ಸಡಿಲಿ, ಮುಖಗಳು ನಿದ್ರಿಸುವಂತೆ ಕಾಣುತ್ತವೆ. ಸಭೆಯೂ ಮೊದಲಿನಿಂದ ಈ ರೂಪಕವನ್ನು ಬಳಸಿದೆ. ಗ್ರೀಕ್ ಭಾಷೆಯ ವಿಶ್ವಾಸಿಗಳು ಸ್ಮಶಾನವನ್ನು ಮಲಗುವ ಸ್ಥಳವೆಂದೇ ಕರೆದರು. ಆದರೂ ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಯೇಸು ಮೊದಲು ಲಾಜರನ ನಿದ್ರೆಯ ಮಾತನ್ನಾಡಿ, ಶಿಷ್ಯರು ಅದನ್ನು ವಿಶ್ರಾಂತಿಯೆಂದು ತಿಳಿದಾಗ, ಅವನು ಸತ್ತನೆಂದು ಬಿಚ್ಚಿ ಹೇಳುತ್ತಾನೆ. ಆ ಎರಡನೆಯ ಮಾತು ಈ ಗೋಡೆಗಳ ಮೇಲೆ ಇರಲಿಲ್ಲ. ನಾಲ್ಕು ದಿನಗಳ ನಾತದ ಬಗ್ಗೆ ಮಾರ್ಥಳು ಎಚ್ಚರಿಸಿದ ಸಮಾಧಿಗೂ ಈ ನುಣುಪಾದ ಮುಖಗಳಿಗೂ ಬಹಳ ದೂರ.

ಇನ್ನೊಂದು ಕೊರತೆಯೂ ನಮಗೆ ಕಂಡಿತು. ಎಲ್ಲ ಮುಖಗಳೂ ಕತ್ತಲೆಯಲ್ಲಿ ಒಂಟಿ. ಹೋಲ್ಬೈನ್ 1521-22ರಲ್ಲಿ ಬರೆದ ಮೃತ ಕ್ರಿಸ್ತನ ಚಿತ್ರ ನೆನಪಾಯಿತು: ಎರಡು ಮೀಟರ್ ಉದ್ದ, ಒಂದು ಅಡಿಯಷ್ಟೇ ಎತ್ತರದ ಹಲಗೆಯಲ್ಲಿ ದೇಹ ಮಾತ್ರ. ಯೋಸೇಫನಿಲ್ಲ, ನಿಕೊದೇಮನಿಲ್ಲ, ಸ್ತ್ರೀಯರಿಲ್ಲ. ನಮ್ಮ ಕಡೆಯ ಕ್ರೈಸ್ತ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಬೇರೆ ಬಗೆಯ ಮರಣಚಿತ್ರವಿದೆ. ಅಂಗಳದಲ್ಲಿ ತೆರೆದ ಶವಪೆಟ್ಟಿಗೆ. ಅದರ ಸುತ್ತ ಮಕ್ಕಳು, ಸೊಸೆಯಂದಿರು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಯಾರೋ ಒಬ್ಬರು. ಕಲೆಯ ದೃಷ್ಟಿಯಿಂದ ಅವು ಏನೂ ಅಲ್ಲ; ಅರ್ಧ ಜನ ಬಿಸಿಲಿಗೆ ಕಣ್ಣು ಕಿರಿದುಮಾಡಿರುತ್ತಾರೆ. ಅಲ್ಲಿ ಸತ್ತವನು ಒಂಟಿಯಲ್ಲ ಎಂದು ನಾವು ತುಸು ಹೆಮ್ಮೆಯಿಂದಲೇ ಎಣಿಸಿಕೊಂಡೆವು.

ಆ ಹೆಮ್ಮೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಧ್ಯವಯಸ್ಕನೊಬ್ಬನ ಚಿತ್ರದ ಪಕ್ಕದ ಬರಹವನ್ನು ಓದಿದೆವು. ಗೆಳೆಯರು ಗುಂಪಾಗಿ ನೋಡಲು ಬರುತ್ತಿದ್ದರು, ಫುಟ್‌ಬಾಲ್ ವಿಷಯ ಮಾತಾಡುತ್ತಿದ್ದರು, ಬೇಗ ಗುಣವಾಗಲೆಂದು ಹಾರೈಸಿ ಹೋಗುತ್ತಿದ್ದರು. ತಾನು ಸಾಯುತ್ತಿದ್ದೇನೆ, ಹೇಗನಿಸುತ್ತಿದೆಯೆಂದು ಒಬ್ಬರೂ ಕೇಳುವುದಿಲ್ಲ ಎಂಬುದು ಅವನ ಅಳಲು. ಚಿತ್ರದ ಕತ್ತಲೆ ಛಾಯಾಗ್ರಾಹಕನು ತಂದದ್ದಲ್ಲ. ಅದು ಜನ ತುಂಬಿದ ಆ ಕೋಣೆಯಲ್ಲಿ ಮೊದಲೇ ಇತ್ತು. ನಾವೂ ಎಷ್ಟೋ ಹಾಸಿಗೆಗಳ ಬಳಿ ಸ್ವಸ್ಥತೆಗಾಗಿ ಗಟ್ಟಿಯಾಗಿ ಪ್ರಾರ್ಥಿಸಿ, ಆಮೆನ್ ಎಂದವರೇ, ರೋಗಿ ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಎದ್ದುಬಂದಿದ್ದೇವೆ. ಆ ಮನುಷ್ಯನ ಎರಡನೆಯ ಚಿತ್ರದ ಮುಂದೆ ನಾವು ಬಹಳ ಹೊತ್ತು ನಿಲ್ಲಲಿಲ್ಲ. ಮೊದಲನೆಯದಕ್ಕೇ, ತೆರೆದ ಕಣ್ಣುಗಳಿದ್ದುದಕ್ಕೆ, ಮತ್ತೆ ಹಿಂದಿರುಗಿದೆವು.