ಹಾಡು ಕೂತ ಜಾಗ

ಬೀಳಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಅಮೀರ್‌ಬಾಯಿ ಕರ್ನಾಟಕಿಯವರ ಹಾಡುಗಳನ್ನು ಈಗ ಹೆಚ್ಚಿನವರು ಕೇಳುವುದು ಮೊಬೈಲಿನಲ್ಲಿ, ಬಿಡಿಬಿಡಿಯಾಗಿ. ದನಿಯ ಸೊಗಸು ಹಾಗೆ ಕೇಳಿದರೂ ಸಿಗುತ್ತದೆ. ಕೈತಪ್ಪುವುದು ಕಥೆಯೊಳಗೆ ಆ ಹಾಡು ಕೂತ ಜಾಗ. 1943ರ ಜನವರಿಯಲ್ಲಿ ತೆರೆಕಂಡ ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವರಿಗೇ ಅದರ ಬೆಲೆ ತಿಳಿಯುವುದು.

ಗ್ಯಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಆಗಷ್ಟೇ ಜೇಲಿನಿಂದ ಹೊರಬಿದ್ದ ಕಳ್ಳ ಶೇಖರ್‌ನಾಗಿ ಅಶೋಕ್ ಕುಮಾರ್. ಚಿತ್ರದ ಆರಂಭದಲ್ಲೇ ಅವನು ಮುದುಕನೊಬ್ಬನನ್ನು ನಾಟಕಗೃಹಕ್ಕೆ ಕರೆದೊಯ್ಯುತ್ತಾನೆ. ಆ ಮುದುಕ ಒಂದು ಕಾಲಕ್ಕೆ ಅದೇ ನಾಟಕಗೃಹದ ಯಜಮಾನ. ರಂಗದ ಮೇಲೆ ಊರುಗೋಲು ಹಿಡಿದು ಹಾಡುತ್ತಿರುವ ರಾಣಿ ಅವನ ಮಗಳು. ಅಪ್ಪ ಬಿಡದೆ ಕುಣಿಸಿದ್ದಕ್ಕೇ ಅವಳ ಕಾಲು ಹೋಗಿದೆ. ಪಾತ್ರ ಮುಮ್ತಾಜ್ ಶಾಂತಿಯವರದು, ದನಿ ಅಮೀರ್‌ಬಾಯಿಯವರದು.

ಹಾಡು ಪರಕೀಯರನ್ನು ಆಚೆ ಸರಿಯಿರಿ ಎಂದು ಗದರಿಸುವಂಥದ್ದು. ಕ್ವಿಟ್ ಇಂಡಿಯಾ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಸಾಹಿತ್ಯದಲ್ಲಿ ಜರ್ಮನರ, ಜಪಾನೀಯರ ಹೆಸರಿದ್ದುದರಿಂದ ಸೆನ್ಸಾರ್ ಬಿಟ್ಟಿತು. ಯಾರನ್ನು ಕುರಿತದ್ದೆಂದು ಜನಕ್ಕೆ ಗೊತ್ತಿತ್ತು.

ಆದರೆ ಅದು ನಿಂತಿರುವುದು ಸಾಹಿತ್ಯದ ಬಲದಿಂದಷ್ಟೇ ಅಲ್ಲ. ಒಂದೇ ಹಾಡಿನ ಅವಧಿಯಲ್ಲಿ ಅಪ್ಪ ತನ್ನ ತಪ್ಪನ್ನು ಕಣ್ಣಾರೆ ನೋಡುತ್ತಾನೆ, ಕಳ್ಳನಿಗೆ ರಾಣಿಯ ಪರಿಚಯವಾಗುತ್ತದೆ. ಅದೇ ರಾತ್ರಿ ಅಲ್ಲೇ ಅವನು ನಾಟಕಗೃಹದ ಈಗಿನ ಯಜಮಾನನ ಹೆಂಡತಿಯ ಹಾರ ಕದಿಯುತ್ತಾನೆ, ಮುಂದಿನ ಕಥೆಯೆಲ್ಲ ಆ ಹಾರದ ಬೆನ್ನು ಹತ್ತುತ್ತದೆ. ಹಾಡಿಗಾಗಿ ಕಥೆ ನಿಲ್ಲುವುದಿಲ್ಲ. ಮೇಲಾಗಿ ತೆರೆಯ ಮೇಲೆಯೂ ಪ್ರೇಕ್ಷಕರು, ತೆರೆಯ ಮುಂದೆಯೂ ಪ್ರೇಕ್ಷಕರು. ಟಾಕೀಸಿನಲ್ಲಿ ಕೂತವರು ತಾವೂ ಆ ನಾಟಕಕ್ಕೇ ಬಂದವರಾಗಿಬಿಡುತ್ತಾರೆ.

ಅಮೀರ್‌ಬಾಯಿ ಹುಟ್ಟಿದ ಸೀಮೆಯ ಹಿಪ್ಪರಗಿ, ಜಮಖಂಡಿ, ಮುಧೋಳದ ಕಡೆಯವರಿಗೆ ಹಾಡಿನ ಇನ್ನೊಂದು ಲೆಕ್ಕ ಹಳೆಯ ಕಾಲದಿಂದ ಗೊತ್ತು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದುಬಂದ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟದಲ್ಲಿ ಪಾತ್ರಧಾರಿ ಪದ ಎತ್ತಿದರೆ ಹಿಮ್ಮೇಳದವರು ಹಿಡಿಯುತ್ತಾರೆ, ಆಮೇಲೆ ಮಾತು ಬರುತ್ತದೆ. ಪಾರಿಜಾತ ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿದರೆ ಆ ಮುನಿಸು ಪದದಲ್ಲಿ ಹಿಗ್ಗುತ್ತದೆ, ದೂತಿಯ ಚೇಷ್ಟೆಯ ಮಾತಿನಲ್ಲಿ ಕುಗ್ಗುತ್ತದೆ. ಆಟಕ್ಕೆ ಇಡೀ ರಾತ್ರಿ ಇದೆ, ಅವಸರವಿಲ್ಲ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ರಂಗದ ಮೇಲಿದ್ದರಂತೂ ಪದ ಬೇಗ ಮುಗಿಯಲಿ ಎನ್ನುವವರು ಯಾರು!

ಸಿನಿಮಾಕ್ಕೆ ಆ ರಾತ್ರಿ ಇಲ್ಲ. 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಾಡು ಹಿಡಿಯುತ್ತಿದ್ದ ಕಾಲ. ಅಷ್ಟರಲ್ಲೇ ಪಾತ್ರ ಇದ್ದ ಕಡೆಯಿಂದ ಕದಲಬೇಕು. ‘ಕಿಸ್ಮತ್’ನ ದೀಪಾವಳಿ ಹಾಡನ್ನೇ ನೋಡಿ. ಊರೆಲ್ಲ ಬೆಳಕು, ರಾಣಿಯ ಮನೆಯಲ್ಲಿ ಕತ್ತಲೆ. ಅವಳ ಮನೆತನದ ಹಳೆಯ ವೈಭವ, ಈಗಿನ ಸಾಲ ಎರಡೂ ಪ್ರೇಕ್ಷಕರಿಗೆ ಗೊತ್ತಿರುವುದರಿಂದ ಹಾಡು ಏನನ್ನೂ ವಿವರಿಸಬೇಕಿಲ್ಲ, ಅವಳ ಒಂಟಿತನವೊಂದನ್ನೇ ಹಿಡಿದುಕೊಂಡು ಹೋಗಬಹುದು. ಮುಂಚೆಯೇ ಬಂದಿದ್ದರೆ ಅದೊಂದು ಹಬ್ಬದ ಹಾಡು ಅಷ್ಟೇ.

ಇಂದಿನ ಅನೇಕ ಚಿತ್ರಗಳು ಎಡವುವುದು ಇಲ್ಲಿ. ನಾಯಕನ ಪ್ರವೇಶಕ್ಕೊಂದು, ಇಂಟರ್‌ವಲ್ ಆದ ಮೇಲೆ ಡ್ಯುಯೆಟ್ ಒಂದು ಎಂದು ಜಾಗ ಮೊದಲೇ ಗೊತ್ತುಮಾಡಿದ ಹಾಡು ಎಷ್ಟೇ ಇಂಪಾಗಿರಲಿ, ಜನ ಚಾ ಕುಡಿಯಲು ಎದ್ದುಹೋಗುತ್ತಾರೆ. ತಪ್ಪು ರಾಗದ್ದಲ್ಲ, ಚಿತ್ರಕಥೆಯದು.

‘ಕಿಸ್ಮತ್’ ಕೊನೆಗೆ ಮತ್ತೆ ರಂಗಕ್ಕೇ ಹೋಗುತ್ತದೆ. ಈಗ ರಾಣಿಯ ಕಾಲು ವಾಸಿಯಾಗಿದೆ, ಊರುಗೋಲಿಲ್ಲದೆ ಕುಣಿಯುತ್ತಾಳೆ. ಅವಳನ್ನು ನೋಡಲು ಶೇಖರ್ ಬಂದೇ ಬರುತ್ತಾನೆಂದು ಪೊಲೀಸರು ಕಾದಿದ್ದಾರೆ. ಕುಣಿತ ನಡೆಯುವಷ್ಟು ಹೊತ್ತು ಅವನು ಕದಲಲಾರ. ಕುಣಿತ ಮುಗಿದರೆ ಅವನಿಗೆ ಉಳಿಗಾಲವಿಲ್ಲ. ಹಾಗಾಗಿ ಈ ಹಾಡು ಇನ್ನಷ್ಟು ಹೊತ್ತು ನಡೆಯಲಿ ಎಂದು ಪ್ರೇಕ್ಷಕರೇ ಬಯಸುತ್ತಾರೆ.