ಮಾತ್ರಾಪ್ರಸ್ತಾರದ ಸಂಖ್ಯೆಯೂ ಪಾಠನಿರ್ಣಯವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನಲ್ಲಿ ಓಲೆಯ ಕಟ್ಟುಗಳನ್ನು ಬಿಚ್ಚಿ ಓದಿದವರಿಗೆ ತ್ರುಟಿತ ಪದ್ಯಗಳ ಕ್ಲೇಶವು ಹೊಸದಲ್ಲ. ಅಂಚು ಮುರಿದೆಡೆಯಲ್ಲಿ ಮಾತ್ರೆಗಳನ್ನೆಣಿಸಿ, ಕೊರತೆಯನ್ನು ತುಂಬುವ ಪದವೊಂದನ್ನು ಊಹಿಸಿ, 'ಛಂದಸ್ಸು ಸರಿಹೊಂದುವುದರಿಂದ ಇದೇ ಮೂಲಪಾಠ' ಎಂದು ಬರೆಯುವ ರೂಢಿ ನಮ್ಮ ಸಂಪಾದಕರಲ್ಲಿದೆ. ನಾನೂ ಹಾಗೆ ಬರೆದವನೇ. ಈ ತರ್ಕದ ಬಲವೆಷ್ಟೆಂಬುದನ್ನು ನಮ್ಮ ಛಂದಶ್ಶಾಸ್ತ್ರದ ಸಂಖ್ಯಾಪ್ರತ್ಯಯದಿಂದಲೇ ಪರೀಕ್ಷಿಸುವುದು ಉಚಿತ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಗಳ ಪಾದಕ್ಕೆ ಎಷ್ಟು ರೂಪಗಳೆಂದು ಕೇಳಿದರೆ, ಕೊನೆಯ ಅಕ್ಷರವನ್ನು ನೋಡಬೇಕು. ಅದು ಲಘುವಾದರೆ ಒಂದು ಮಾತ್ರೆ ಕಡಿಮೆಯಾದ ಪ್ರಸ್ತಾರವೂ ಗುರುವಾದರೆ ಎರಡು ಮಾತ್ರೆ ಕಡಿಮೆಯಾದ ಪ್ರಸ್ತಾರವೂ ಉಳಿಯುತ್ತದೆ. ಎರಡನ್ನೂ ಕೂಡಿದರೆ ಸಂಖ್ಯೆ ದೊರೆಯಿತು: 1, 2, 3, 5, 8, 13. ಅತಿ ದೊಡ್ಡ ಅಂಗವು ಎರಡನ್ನು ಮೀರಬಾರದೆಂಬ ನಿಯಮವೇ ಇದಕ್ಕೆ ಮೂಲ. ಮೂರರವರೆಗೂ ಅವಕಾಶವಿತ್ತರೆ ಹಿಂದಿನ ಮೂರನ್ನು ಕೂಡಬೇಕು: 1, 2, 4, 7, 13. ಈ ಮಿತಿಯನ್ನು ಯಾವ ಸಂಖ್ಯೆಗಾದರೂ ಅನ್ವಯಿಸುವಂತೆ ಸಾಮಾನ್ಯೀಕರಿಸಿದವನು 1356ರ 'ಗಣಿತಕೌಮುದೀ'ಯ ನಾರಾಯಣ ಪಂಡಿತ.

ಮೊದಲನೆಯ ಶ್ರೇಣಿಯನ್ನು ಹೇಮಚಂದ್ರಾಚಾರ್ಯರು 1150ರ ಸುಮಾರಿಗೆ 'ಛಂದೋನುಶಾಸನ'ದಲ್ಲಿ ಹೇಳಿದರೆಂಬುದೂ, ಇಟಲಿಯ ಲಿಯೊನಾರ್ಡೊನ ಗ್ರಂಥವು 1202ರದೆಂಬುದೂ ದಿಟ. ಆದರೆ 'ಇದನ್ನು ಮೊದಲು ಕಂಡವರು ನಮ್ಮ ಆಚಾರ್ಯರೇ' ಎಂಬ ಹೊಗಳಿಕೆ ಸಲ್ಲದು. ಪ್ರಾಕೃತದ 'ವೃತ್ತಜಾತಿಸಮುಚ್ಚಯ'ದಲ್ಲಿ ವಿರಹಾಂಕನು ಶತಮಾನಗಳ ಹಿಂದೆಯೇ ಈ ನಿಯಮವನ್ನು ಸೂಚಿಸಿದ್ದಾನೆ. ಗೋಪಾಲನು ಅದನ್ನು ವ್ಯಾಖ್ಯಾನದಲ್ಲಿ ಬಿಡಿಸಿದ್ದಾನೆ. ಪರರ ಯಶಸ್ಸನ್ನು ಸ್ವಪಕ್ಷದ ಲೆಕ್ಕಕ್ಕೆ ಹಿಡಿಯುವುದೂ ಅದತ್ತಾದಾನವೇ. ಅಚೌರ್ಯವನ್ನು ವ್ರತವಾಗಿ ಎಣಿಸುವ ನಾವು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು.

ಇನ್ನು ಕಂದದ ವಿಷಯ. ಅದರ ಅರ್ಧವೊಂದಕ್ಕೆ 32 ಮಾತ್ರೆ. ಮಾತ್ರಾನಿಯಮವೊಂದನ್ನೇ ಹಿಡಿದರೆ 35,24,578 ರೂಪಗಳಾಗುತ್ತವೆ. ಆದರೆ ಕಂದವು ನಾಲ್ಕು ಮಾತ್ರೆಯ ಎಂಟು ಗಣಗಳಾಗಿ ಒಡೆಯಬೇಕು. ಬೆಸ ಗಣಗಳಲ್ಲಿ ಜಗಣ ನಿಷಿದ್ಧವಾದ್ದರಿಂದ ಅಲ್ಲಿ ನಾಲ್ಕು ನಾಲ್ಕು ರೂಪ. ಎರಡು, ನಾಲ್ಕನೆಯವುಗಳಲ್ಲಿ ಐದೈದು. ಆರನೆಯದು ಜಗಣವೋ ಸರ್ವಲಘುವೋ, ಎರಡೇ. ಎಂಟನೆಯದು ಗುರ್ವಂತ್ಯವಾಗಬೇಕಾದ್ದರಿಂದ ಎರಡೇ. ಗುಣಿಸಿದರೆ 25,600. ಎಂದರೆ ಮಾತ್ರೆ ಸರಿಯಾದ ನೂರು ರೂಪಗಳಲ್ಲಿ ಒಂದೂ ಕಂದಕ್ಕೆ ದಕ್ಕದು. ಮಾತ್ರೆ ಕೂಡಿತೆಂಬಷ್ಟರಿಂದ ಪಾಠವು ಸಿದ್ಧವಾಗುವುದಿಲ್ಲ. ಲೋಪವಿರುವುದು ಆರನೆಯ ಗಣದಲ್ಲಾದರೆ ಊಹೆಗೆ ಆಧಾರ ಗಟ್ಟಿ, ಎರಡನೆಯದರಲ್ಲಾದರೆ ಸಡಿಲ. ಇವು ರೂಪಗಳ ಎಣಿಕೆಯೇ ಹೊರತು ಪದಗಳದಲ್ಲ. ಒಂದೊಂದು ರೂಪಕ್ಕೂ ಹೊಂದುವ ಪದಗಳು ಹಲವು.

ಅಂಶಛಂದಸ್ಸಿನಲ್ಲಿ ತೊಡಕು ಇನ್ನೂ ಸೂಕ್ಷ್ಮ. ವಿಷ್ಣುಗಣಕ್ಕೆ ಮೂರಂಶ. ಮೊದಲ ಅಂಶವು ಗುರು ಅಥವಾ ಎರಡು ಲಘು. ಉಳಿದೆರಡು ಗುರುವೋ ಲಘುವೋ. ಆದುದರಿಂದ ಎಂಟು ರೂಪಗಳು. ಐದು ಮಾತ್ರೆಯ ಗಣಕ್ಕೂ ಎಂಟೇ ರೂಪಗಳು. ಸಂಖ್ಯೆ ಒಂದೆಂದು ಇವೆರಡನ್ನೂ ಒಂದೇ ಎಂದು ಭಾವಿಸಿದವರುಂಟು. ಬಿಡಿಸಿ ಬರೆದು ನೋಡಿದರೆ ಎರಡಕ್ಕೂ ಸಾಧಾರಣವಾದವು ನಾಲ್ಕೇ. ಮೂರು ಗುರುಗಳದು ಆರು ಮಾತ್ರೆಯಾದರೂ ವಿಷ್ಣುಗಣ. ಲಘು ಮೊದಲಾಗಿ ಎರಡು ಗುರು ಬಂದುದು ಐದು ಮಾತ್ರೆಯಾದರೂ ವಿಷ್ಣುಗಣವಲ್ಲ. ರತ್ನಾಕರವರ್ಣಿಯ 'ಭರತೇಶವೈಭವ'ದ ಸಾಂಗತ್ಯವಾಗಲಿ, ಹಳೆಯ ತ್ರಿಪದಿಗಳಾಗಲಿ, ಐದು ಮಾತ್ರೆಗೆ ಸರಿಯಿಲ್ಲವೆಂಬ ಒಂದೇ ಕಾರಣಕ್ಕೆ ಅವುಗಳ ಅಕ್ಷರವನ್ನು ತಿದ್ದುವುದು ಲಿಪಿಕಾರನ ಮೇಲೆ ಇಲ್ಲದ ದೋಷವನ್ನು ಹೊರಿಸಿದಂತೆ. ಕನ್ನಡದ ಜಾತಿಗಳಿಗೆ ಪ್ರತ್ಯೇಕ ಅಧಿಕಾರವನ್ನೇ ಮೀಸಲಿಟ್ಟ ಜಯಕೀರ್ತಿಯ ವಿವೇಕವನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಛಂದಸ್ಸಿನ ಪರೀಕ್ಷೆ ನಿರರ್ಥಕವೆಂದು ನನ್ನ ಮತವಲ್ಲ. ಅದು ತಪ್ಪು ಪಾಠವನ್ನು ತಳ್ಳಿಹಾಕಬಲ್ಲುದು. ಸರಿಯಾದುದನ್ನು ಒಂದೇ ಸ್ಥಾಪಿಸಲಾರದು. ಅದಕ್ಕೆ ಪ್ರಾಸ, ಅರ್ಥ, ಪ್ರತ್ಯಂತರ, ಲಿಪಿಸಾಮ್ಯಗಳ ನೆರವು ಬೇಕು. ಅವು ದೊರೆಯದೆಡೆ ತ್ರುಟಿತವನ್ನು ತ್ರುಟಿತವೆಂದೇ ಅಚ್ಚಿಸಿ, ಊಹೆಯನ್ನು ಅಡಿಟಿಪ್ಪಣಿಯಲ್ಲಿಡುವುದು ಲೇಸು. ಓಲೆಯಲ್ಲಿ ಇಲ್ಲದುದನ್ನು ಕವಿಯ ಹೆಸರಿನಲ್ಲಿ ಸೇರಿಸಿದರೆ, ಮುಂದಿನ ಓದುಗನಿಗೆ ಅದನ್ನು ಬೇರ್ಪಡಿಸುವ ಉಪಾಯವೇ ಉಳಿಯುವುದಿಲ್ಲ. ವಿದ್ವಾಂಸರು ಪರಿಶೀಲಿಸಬೇಕಾಗಿ ಪ್ರಾರ್ಥನೆ.