ತಂಬಿಗೆಯ ಕರ್ತೃ ಯಾರು? ಈಮ್ಸ್ ವರದಿ ಮತ್ತು ಎರಕದ ಬಡಗಿ

ಅನಾಮಿಕತೆಯನ್ನು ಜಾನಪದದ ಸಹಜ ಲಕ್ಷಣವೆಂದು ವಿದ್ವಾಂಸರು ಬಹುಕಾಲ ಒಪ್ಪಿಕೊಂಡು ಬಂದಿದ್ದಾರೆ. ವಸ್ತುಸಂಸ್ಕೃತಿಯ ಮಟ್ಟಿಗೆ ಈ ಒಪ್ಪಿಗೆಯನ್ನು ಮರುಪರಿಶೀಲಿಸಲು ಅಮೆರಿಕದ ಪೀಠೋಪಕರಣ ವಿನ್ಯಾಸಕಾರ ಚಾರ್ಲ್ಸ್ ಈಮ್ಸ್ (1907–1978) ಅವರ ವೃತ್ತಿಜೀವನ ನೆರವಾಗುತ್ತದೆ.

ಈಮ್ಸ್ ಮತ್ತು ಅವರ ಪತ್ನಿ ರೇ ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗಾಗಿ, ಮುರಿದ ಕಾಲನ್ನು ಅಲುಗದಂತೆ ಹಿಡಿಯುವ ಪ್ಲೈವುಡ್ ಆಸರೆಯನ್ನು ರೂಪಿಸಿದರು. ಮರದ ತೆಳುಪದರಗಳನ್ನು ಅಂಟಿಸಿ ಬಾಗಿಸುವ ಆ ತಂತ್ರವೇ ಮುಂದೆ ಅವರ ಪ್ರಸಿದ್ಧ ಕುರ್ಚಿಗಳಿಗೆ ಆಧಾರವಾಯಿತು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಈ ದಂಪತಿಗಳು 1958ರಲ್ಲಿ ಸಲ್ಲಿಸಿದ ವರದಿಯು 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಗಲು ಪ್ರೇರಣೆಯಾಯಿತು. ಉತ್ತರದವರು ಲೋಟಾ ಎನ್ನುವ ನಮ್ಮ ತಂಬಿಗೆಯೇ ಆ ವರದಿಯಲ್ಲಿ ಅವರು ಬಹುವಾಗಿ ಮೆಚ್ಚಿದ ವಸ್ತು. ಅದರ ಹಿಡಿತ, ತೂಕ, ಸುರಿಯುವ ಬಗೆ, ಬೆಲೆ ಎಲ್ಲವನ್ನೂ ಎಣಿಸಿ, ಇದು ಒಬ್ಬ ವ್ಯಕ್ತಿಯ ಸೃಷ್ಟಿಯಾಗಿರಲಾರದು, ಹಲವು ತಲೆಮಾರುಗಳ ಫಲ ಎಂಬ ನಿಲುವಿಗೆ ಅವರು ಬಂದರು.

ಈ ನಿಲುವು ಅರ್ಧಸತ್ಯ ಮಾತ್ರ. ತಲೆಮಾರು ತಾನಾಗಿ ಕಂಠವನ್ನು ಕಿರಿದು ಮಾಡುವುದಿಲ್ಲ. ಯಾರೋ ಒಬ್ಬ ಕಂಚುಗಾರ ಹಾಗೆ ನಿರ್ಧರಿಸಿರುತ್ತಾನೆ.

ಭದ್ರಾವತಿಯ ನಿದರ್ಶನವನ್ನು ನೋಡಬಹುದು. ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಅದಿರು ಕರಗಿಸಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. ಶಿವಮೊಗ್ಗ–ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯಲ್ಲಿ ಎರಕದ ಕಾರ್ಖಾನೆಗಳು ಬೆಳೆದವು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕಾದರೆ ಮೊದಲು ಒಂದು ಮಾದರಿ ಬೇಕು. ಎರಕದವರ ಮಾತಿನಲ್ಲಿ ಅದು ‘ಪ್ಯಾಟರ್ನ್’. ಅದನ್ನು ಮರದಲ್ಲಿ ಕಡೆಯುವವನು ಬಡಗಿ. ಎರಕದ ಕಬ್ಬಿಣ ಆರುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುವುದರಿಂದ ಮಾದರಿ ಅಷ್ಟು ದೊಡ್ಡದಿರಬೇಕು. ಮೇಲೆತ್ತುವಾಗ ಮರಳು ಕುಸಿಯದಂತೆ ಅದರ ಬದಿಗಳು ತುಸು ಓರೆಯಾಗಿರಬೇಕು. ನಕ್ಷೆಯ ಮೇಲೆ ಎಂಜಿನಿಯರರ ಸಹಿಗೆ ಸ್ಥಳವಿದೆ. ಮಾದರಿಯ ಮೇಲೆ ಬಡಗಿಯ ಹೆಸರಿಗೆ ಸ್ಥಳವಿಲ್ಲ.

ಅಂದರೆ ಆಧುನಿಕ ಕೈಗಾರಿಕೆಯೂ ಅನಾಮಿಕರನ್ನು ಸೃಷ್ಟಿಸುತ್ತದೆ. ಸ್ವತಃ ರೇ ಈಮ್ಸ್ ಅವರೂ ಇದಕ್ಕೆ ಹೊರತಾಗಲಿಲ್ಲ. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆ ಪೀಠೋಪಕರಣಗಳನ್ನು ಪ್ರದರ್ಶಿಸಿದಾಗ ಶೀರ್ಷಿಕೆಯಲ್ಲಿದ್ದದ್ದು ಚಾರ್ಲ್ಸರ ಹೆಸರೊಂದೇ. ಆದ್ದರಿಂದ ಅನಾಮಿಕತೆ ಪರಂಪರೆಯ ಗುಣವಲ್ಲ, ದಾಖಲಿಸುವವರ ಆಯ್ಕೆ ಎನ್ನಬೇಕಾಗುತ್ತದೆ.

ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಗೆ ಕಲೆಯೆಂಬ ಮನ್ನಣೆ ದೊರೆತಿದೆ. ಅಲಂಕಾರವಿಲ್ಲದ ಮಾದರಿಯನ್ನು ಕಡೆದ ಬಡಗಿಗೆ ಆ ಮನ್ನಣೆಯೂ ಇಲ್ಲ. ಹಾಡುಗಾರ್ತಿಯ ಹೆಸರು, ಊರು, ಕಲಿತ ಬಗೆಗಳನ್ನು ಬರೆದುಕೊಳ್ಳುವ ಕ್ಷೇತ್ರಕಾರ್ಯವು ಬಡಗಿಯನ್ನೂ ಕೇಳಬೇಕಾಗಿದೆ: ಯಾವ ಅಳತೆಯನ್ನು ಯಾರಿಂದ ಕಲಿತರು, ಯಾವುದನ್ನು ಬದಲಿಸಿದರು, ಏಕೆ ಬದಲಿಸಿದರು? ಆ ಉತ್ತರಗಳು ದಾಖಲಾದಾಗ ಮಾತ್ರ ಅವರ ದುಡಿಮೆಯೂ ವಿನ್ಯಾಸಕಾರನೊಬ್ಬನ ವೃತ್ತಿಜೀವನವಾಗಿ ಕಾಣತೊಡಗುತ್ತದೆ.